ಬೆಂಜ್ ಕಾರಿಗೂ ಹಲ್ಲು ನೋಡಬೇಕು!

ಕೊಯಮತ್ತೂರಿನಲ್ಲಿ ‘ಸರ್ಟಿಫೈಡ್’ ಹಳೇ ಕಾರು ಕೊಳ್ಳಲು ಹೋದ ಗಡಿನಾಡಿನ ಇಬ್ಬರ ಚೌಕಾಸಿ ಪುರಾಣ

‘ಏನ್ ಬಾಮೈದ, ಒಂದ್ ಬೆಂಜ್ ಕಾರ್ ನೋಡಪ್ಪ. ಕೊಯಮತ್ತೂರಲ್ಲಿ ಬೋ ಕಮ್ಮಿಗ್ ಸಿಕ್ತವಂತೆ.’

2025ರ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಬೆಳಿಗ್ಗೆ ಆರಕ್ಕೇ ನನ್ನ ಭಾವನ ಫೋನು. ಚಾಮರಾಜನಗರ ತಾಲ್ಲೂಕಿನಲ್ಲಿ ಅವರಿಗೆ ಅರಿಶಿನ, ಬಾಳೆಯ ಬೇಸಾಯ. ಜೊತೆಗೆ ಸಣ್ಣದೊಂದು ಮಂಡಿ. 2024ರಲ್ಲಿ ಅರಿಶಿನಕ್ಕೆ ಬಂಗಾರದ ರೇಟು ಬಂತಲ್ಲ, ಆಗ ಕೂಡಿಟ್ಟ ದುಡ್ಡು. ಮಗನ ಮದುವೆ ನಿಶ್ಚಯವಾಗಿದೆ. ಹೊಸ ಬೆಂಜ್ ಕೊಳ್ಳುವ ಶಕ್ತಿ ಇಲ್ಲ, ಹಳೇ ಮಾರುತಿಯಲ್ಲಿ ದಿಬ್ಬಣ ಹೋಗುವ ಮನಸ್ಸೂ ಇಲ್ಲ. ಹಿಂದಿನಿಂದ ನನ್ನ ಅಕ್ಕನ ದನಿ ಕೇಳಿಸಿತು: ‘ಆ ಕಾರು ನಮ್ಮ ಹಟ್ಟಿ ಬೀದಿಗೆ ಬತ್ತದಾ ಅಂತ ಮೊದ್ಲು ಕೇಳಿ.’

ನಾನು ಕೊಯಮತ್ತೂರು ಸೇರಿ ಇಪ್ಪತ್ತೆರಡು ವರ್ಷ. ನನ್ನದು ನೂಲಿನ ವ್ಯಾಪಾರ. ಇಲ್ಲಿನ ಮಿಲ್ಲುಗಳಿಂದ ನೂಲು ಎತ್ತಿ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಕೊಡುವುದು. ಕೊಟ್ಟ ಮಾಲಿಗೆ ಮೂವತ್ತು ದಿನ, ಅರವತ್ತು ದಿನ ಕಾಯುವುದು. ಚೌಕಾಸಿಯೇ ನನ್ನ ಹೊಟ್ಟೆಪಾಡು. ಆದರೂ ಕಾರಿನ ಚೌಕಾಸಿಯಲ್ಲಿ ನಾನು ಕಲಿತ ಪಾಠ ಬೇರೆ. ಗಡಿ ದಾಟಿ ಬಂದು ಇಲ್ಲಿ ಕಾರು ಕೊಳ್ಳುವ ನಮ್ಮ ಕಡೆಯವರು ಹೆಚ್ಚುತ್ತಿರುವುದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲೇ ಯಾಕೆ ಇಷ್ಟೊಂದು ಕಾರು?

ಕೊಯಮತ್ತೂರಿಗೂ ಮೋಟಾರಿಗೂ ನಂಟು ಇಂದಿನದಲ್ಲ. ಜಿ.ಡಿ. ನಾಯ್ಡು 1920ರಲ್ಲಿ ಒಂದು ಬಸ್ಸು ಕೊಂಡು ಪೊಳ್ಳಾಚಿ–ಪಳನಿ ನಡುವೆ ಓಡಿಸಿದರು. ಅಲ್ಲಿಂದ ಶುರುವಾದದ್ದು ದೊಡ್ಡ ಬಸ್ ಕಂಪನಿಯೇ ಆಯಿತು. ಅವರ ಮನೆತನದವರ ಗೀಡೀ ಕಾರ್ ಮ್ಯೂಸಿಯಂ ಅವಿನಾಶಿ ರಸ್ತೆಯಲ್ಲಿದೆ. ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2025ರ ಅಕ್ಟೋಬರಿನಲ್ಲಿ ಅವಿನಾಶಿ ರಸ್ತೆಯ ಮೇಲೆ ತೆರೆದ ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆಗೂ ನಾಯ್ಡು ಅವರದೇ ಹೆಸರು.

ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಮಿಲ್ಲು, ಪಂಪ್‌ಸೆಟ್ಟು, ಗ್ರೈಂಡರು, ಬನಿಯನ್ ರಫ್ತು... ಹೀಗೆ ಕಂಪನಿಗಳ ಊರುಗಳಿವು. ಕಾರು ಕೊಳ್ಳುವುದು ಬಹುಪಾಲು ಕಂಪನಿಯ ಹೆಸರಿನಲ್ಲಿ. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿನ ಬೆಲೆಯನ್ನು ವರ್ಷಕ್ಕೆ ಶೇ. 15ರಂತೆ ಸವಕಳಿ ಬರೆಯಬಹುದು. ನೂರು ರೂಪಾಯಿಯ ಕಾರು ಐದು ವರ್ಷಕ್ಕೆ ಪುಸ್ತಕದಲ್ಲಿ ನಲವತ್ತನಾಲ್ಕು ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಆಗ ಮುದಲಾಳಿಗೆ ಹೊಸದರ ಮೇಲೆ ಕಣ್ಣು, ಹಳೆಯದು ಮಾರುಕಟ್ಟೆಗೆ. ಅದನ್ನು ಕೊಳ್ಳಲು ಪಾಲಕ್ಕಾಡಿನ ಕಡೆಯಿಂದ ಕೇರಳದವರು, ದಿಂಬಂ ಘಾಟಿ ಇಳಿದು ನಮ್ಮವರು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರೆ. ಕಾರಿಗೆ ಆ ಮಾತು ಅನ್ವಯಿಸುವುದಿಲ್ಲ ಕಣ್ರಿ. ಅದರಲ್ಲೂ ದೊಡ್ಡ ಕಾರು ಮೊದಲ ನಾಲ್ಕೈದು ವರ್ಷದಲ್ಲೇ ಅರ್ಧ ಬೆಲೆ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಮೊದಲನೆಯವನು ತಿಂದಿರುತ್ತಾನೆ. ಎರಡನೆಯವನಿಗೆ ಲಾಭ ಅಲ್ಲಿದೆ. ಆದರೆ ಒಂದು ಎಚ್ಚರ: ಕಾರಿನ ಬೆಲೆ ಅರ್ಧವಾಗಿದ್ದರೂ ಅದರ ಬಿಡಿಭಾಗದ ಬೆಲೆ ಅರ್ಧವಾಗಿರುವುದಿಲ್ಲ!

ಮೊದಲ ದಿನ: ಇಪ್ಪತ್ತೊಂಬತ್ತು ಲಕ್ಷದ ಆಸೆ

ಭಾವ ಬಂದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ರೆಗ್ಜಿನ್ ಚೀಲ. ಚೀಲದಲ್ಲಿ ಏನೆಂದು ಕೇಳಿದೆ. ‘ಅಡ್ವಾನ್ಸು’ ಅಂದರು. ನೋಡಿದರೆ ನೋಟಿನ ಕಟ್ಟುಗಳು!

‘ಭಾವ, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳೋ ಹಾಗಿಲ್ಲ. 2017ರಿಂದ ಕಾನೂನು. ತಗೊಂಡವನಿಗೆ ತಗೊಂಡಷ್ಟೇ ದಂಡ’ ಅಂದೆ. ಅವರು ನಂಬಲಿಲ್ಲ. ‘ನೋಟ್ ಕಂಡ್ರೆ ರೇಟ್ ಇಳೀತದೆ ಕನಪ್ಪ’ ಅಂತ ಚೀಲವನ್ನು ಕಂಕುಳಲ್ಲೇ ಇಟ್ಟುಕೊಂಡರು.

ಯಾರೋ ಹೇಳಿದ್ದರೆಂದು ಮೊದಲು ಒಬ್ಬ ದಲ್ಲಾಳಿಯ ಹತ್ತಿರ ಹೋದೆವು. ಊರ ಹೊರಗೆ ತಗಡಿನ ಶೆಡ್ಡು, ಸಾಲಾಗಿ ಫಳಫಳ ಹೊಳೆಯುವ ಕಾರುಗಳು. ನಮಗೆ ಬೇಕಾದ ಮಾಡೆಲ್ಲೇ ಒಂದು ನಿಂತಿತ್ತು. ‘ಇರುಬತ್ತೊಂಬದುಂಗಣ್ಣಾ. ಉಂಗಳುಕ್ಕಾಗ.’ ಇಪ್ಪತ್ತೊಂಬತ್ತು ಲಕ್ಷ, ನಿಮಗೋಸ್ಕರ! ಭಾವನ ಕಣ್ಣು ಅರಳಿತು.

ನಂಬರ್ ಪ್ಲೇಟ್ ದೆಹಲಿಯದು. ಅಲ್ಲಿನ ಕಾರು ಇಲ್ಲಿಗೆ ಬಂದದ್ದೇಕೆ? 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಿಸಬಾರದು ಎಂದವು. ಆ ಭಯಕ್ಕೆ ಆರೇಳು ವರ್ಷದ ಕಾರುಗಳೂ ಅಲ್ಲಿ ಅಗ್ಗ. ಲಾರಿ ಹತ್ತಿ ದಕ್ಷಿಣಕ್ಕೆ ಬರುತ್ತವೆ. ಅಗ್ಗ ಎಂಬುದೇ ದೋಷವಲ್ಲ. ಆದರೆ ಅಷ್ಟು ದೂರದ ಕಾರಿನ ಪೂರ್ವಾಪರ ಹೇಳುವವರು ಯಾರು?

ಭಾವ ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗ್ ಸವರುತ್ತಿದ್ದರು. ನಾನು ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದೆ. ಕೊನೆಯ ಒಂದು ಮೊಳದಲ್ಲಿ ಕಂದುಬಣ್ಣದ ಗೆರೆ. ಬೆರಳಿಗೆ ಒಣಮಣ್ಣು ಹತ್ತಿತು. ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಸ್ಪೇರ್ ಚಕ್ರದ ಗುಂಡಿಯಲ್ಲಿ ತುಕ್ಕು. ಎಲ್ಲೋ ನೀರಿನಲ್ಲಿ ನಿಂತಿದ್ದ ಕಾರು! 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2023ರಲ್ಲಿ ಮತ್ತೆ ಚೆನ್ನೈ ಎಂದು ಪ್ರವಾಹ ಬಂದಾಗಲೆಲ್ಲ ಸಾವಿರಾರು ಕಾರು ಮುಳುಗಿವೆ. ಇಂಥ ಕಾರನ್ನು ತೊಳೆದು, ಸೀಟು ಬದಲಿಸಿ, ಸೆಂಟು ಹೊಡೆದು ನಿಲ್ಲಿಸಬಹುದು. ಆದರೆ ಬೆಲ್ಟಿನ ಸುರುಳಿಯೊಳಗಿನ ಮಣ್ಣನ್ನು ತೊಳೆಯುವ ತಾಳ್ಮೆ ಬಹಳ ಜನಕ್ಕೆ ಇರುವುದಿಲ್ಲ. ದೊಡ್ಡ ಕಾರಿನ ಜೀವ ಇರುವುದು ಸೀಟಿನ ಕೆಳಗೆ ಓಡಾಡುವ ವೈರುಗಳಲ್ಲಿ. ಅದಕ್ಕೆ ನೀರು ಕುಡಿದರೆ ಇಂದಲ್ಲ ನಾಳೆ ಕಾಯಿಲೆ ತಪ್ಪಿದ್ದಲ್ಲ.

ಇನ್ನೊಂದು ವಿಷಯವನ್ನೂ ಭಾವನಿಗೆ ನೆನಪಿಸಿದೆ. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್‌ನವರು ‘ಆಪರೇಷನ್ ನುಮ್‌ಖೋರ್’ ಎಂದು ಕೇರಳದ ಉದ್ದಕ್ಕೂ ದಾಳಿ ನಡೆಸಿದರು. ಭೂತಾನದಿಂದ ಸುಂಕ ಕಟ್ಟದೆ ತಂದ ದುಬಾರಿ ವಾಹನಗಳಿಗೆ ಸುಳ್ಳು ಕಾಗದ ಮಾಡಿ ನೋಂದಾಯಿಸಿ ಮಾರಿದ್ದಾರೆ ಎಂಬುದು ಆರೋಪ. ಕೊಯಮತ್ತೂರು ಕೇಂದ್ರವಾಗಿದ್ದ ಒಂದು ಜಾಲದ ಮಾತನ್ನೂ ಅಧಿಕಾರಿಗಳೇ ಹೇಳಿದರು. ಕೊಂಡವರು ದುಡ್ಡು ಕೊಟ್ಟಿದ್ದರು. ಆದರೂ ಹಲವರ ಕಾರು ಜಪ್ತಿಯಾಯಿತು.

ಭಾವ ಸುಮ್ಮನೆ ಕಾರಿನಿಂದ ಇಳಿದರು. ದಲ್ಲಾಳಿ ಬೆನ್ನು ಹತ್ತಿ ಬಂದ: ‘ಇರುಬತ್ತೇಳು... ಇರುಬತ್ತಾರು...’ ಗೇಟು ತಲುಪುವಷ್ಟರಲ್ಲಿ ಇಪ್ಪತ್ತೈದಕ್ಕೆ ಬಂದಿದ್ದ. ‘ಇಷ್ಟ್ ಬೇಗ ಇಳಿಯೋ ಎತ್ತು ನಮಗ್ ಬ್ಯಾಡ’ ಅಂದರು ಭಾವ.

‘ಸರ್ಟಿಫೈಡ್’ ಅಂದರೆ ಯಾರ ಸರ್ಟಿಫಿಕೇಟು?

ಮರುದಿನ ಗಾಜಿನ ಶೋರೂಮಿಗೆ ಹೋದೆವು. ಬೆಂಜ್, ಬಿಎಂಡಬ್ಲ್ಯು, ಆಡಿ ಎಲ್ಲ ಕಂಪನಿಗಳೂ ತಮ್ಮದೇ ಹಳೇ ಕಾರನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ವಾರಂಟಿ ಕೊಟ್ಟು ಮಾರುವ ಏರ್ಪಾಡು ಇಟ್ಟುಕೊಂಡಿವೆ. ‘ಮರ್ಸಿಡಿಸ್-ಬೆಂಜ್ ಸರ್ಟಿಫೈಡ್’, ‘ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್’, ‘ಆಡಿ ಅಪ್ರೂವ್ಡ್ ಪ್ಲಸ್’ ಎಂದು ಹೆಸರು ಬೇರೆ ಬೇರೆ. ಸಣ್ಣ ಕಾರುಗಳಲ್ಲಿ ಮಾರುತಿಯವರು 2001ರಲ್ಲೇ ‘ಟ್ರೂ ವ್ಯಾಲ್ಯೂ’ ಎಂದು ಶುರು ಮಾಡಿದ್ದರು. ಕಂಪನಿಯದಲ್ಲದ ಅಂಗಡಿಗಳೂ ‘ಸರ್ಟಿಫೈಡ್’ ಎಂದು ಬೋರ್ಡು ಹಾಕಿಕೊಳ್ಳುತ್ತವೆ. ಇದು ಸರ್ಕಾರದ ಮೊಹರು ಅಲ್ಲ ಎಂಬುದನ್ನು ಮರೆಯಬಾರದು. ಮಾರುವವನೇ ಕೊಡುವ ಮಾತು ಅದು. ಹಾಗಾಗಿ ಮಾತು ಕಾಗದದ ಮೇಲೆ ಏನಿದೆ ಎಂದು ಓದಬೇಕು. ಎಂಜಿನ್, ಗೇರ್‌ಬಾಕ್ಸಿಗೆ ವಾರಂಟಿ ಇರುತ್ತದೆ. ಟೈರು, ಬ್ರೇಕ್ ಪ್ಯಾಡು, ಬ್ಯಾಟರಿಯಂಥ ಸವೆಯುವ ಸಾಮಾನಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಸರ್ಕಾರದ ಕಡೆಯಿಂದ ಒಂದು ಒಳ್ಳೆ ಕೆಲಸ ಆಗಿದೆ. 2023ರ ಏಪ್ರಿಲ್‌ನಿಂದ ಹಳೇ ವಾಹನದ ವ್ಯಾಪಾರಿ ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕು. ಮಾಲೀಕ ಕಾರನ್ನು ಅವನಿಗೆ ಒಪ್ಪಿಸಿದ್ದನ್ನು 29-ಸಿ ನಮೂನೆಯಲ್ಲಿ ತಿಳಿಸಿದ ಮೇಲೆ ಆ ಕಾರಿನ ಹೊಣೆ ವ್ಯಾಪಾರಿಯದೇ. ‘ಅಧಿಕಾರ ಪತ್ರ ತೋರಿಸಿ’ ಎಂದು ಕೇಳಲು ನಾಚಿಕೆ ಬೇಡ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದಿಲ್ಲವೇ?

ಶೋರೂಮಿನಲ್ಲಿ ಎಸಿ, ಕಾಫಿ, ಟೈ ಕಟ್ಟಿದ ಹುಡುಗ. ಕೊಂಗುನಾಡಿನ ಮರ್ಯಾದೆಯ ಮಾತು: ‘ವಾಂಗಣ್ಣಾ, ಉಕ್ಕಾರುಂಗ.’ ತಿರುಪ್ಪೂರು ನೋಂದಣಿಯ ಬೆಂಜ್ ಒಂದನ್ನು ತೋರಿಸಿದ. 2019ರ ಮಾಡೆಲ್, ಡೀಸೆಲ್, ಅರವತ್ತೊಂದು ಸಾವಿರ ಕಿಲೋಮೀಟರ್, ಒಬ್ಬನೇ ಮಾಲೀಕ. ಬೆಲೆ: ನಲವತ್ತೊಂದೂವರೆ ಲಕ್ಷ. ಪಕ್ಕದಲ್ಲೇ ಸಣ್ಣ ಬೋರ್ಡು, ‘ಫಿಕ್ಸೆಡ್ ಪ್ರೈಸ್’.

ನನ್ನ ಎದೆ ಧಸಕ್ ಎಂದಿತು. ಬೆಲೆ ಕೇಳಿ ಅಲ್ಲ. ಆ ಕಾರಿನಲ್ಲಿ ನಾನು ಎಷ್ಟೋ ಸಲ ಕೂತಿದ್ದೆ!

ನನಗೆ ಗೊತ್ತಿದ್ದ ಅಂಕಿ

ಅದು ನನ್ನ ಒಬ್ಬ ಪಾರ್ಟಿಯ ಕಾರು. ಬನಿಯನ್ ಕಂಪನಿಯ ಮುದಲಾಳಿ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ. 50ರಷ್ಟು ಸುಂಕ ಹಾಕಿದಾಗ ತಿರುಪ್ಪೂರಿನ ಎಷ್ಟೋ ರಫ್ತುದಾರರಂತೆ ಅವರ ಆರ್ಡರೂ ನಿಂತಿತು. ಹೊಲಿದ ಮಾಲು ಗೋಡೌನಿನಲ್ಲಿ, ದೀಪಾವಳಿ ಬೋನಸ್ಸು ಎದುರಿನಲ್ಲಿ. ಅಕ್ಟೋಬರ್ ಮೊದಲ ವಾರ ನನ್ನ ಗೋಡೌನಿಗೆ ಬಂದು, ಚಹಾ ಕುಡಿಯುತ್ತಾ, ಕಾರು ಕೊಟ್ಟೆನೆಂದು ಹೇಳಿದರು. ಎಷ್ಟಕ್ಕೆ ಎಂದೂ ಹೇಳಿದರು. ‘ಯಾರ್‌ಕಿಟ್ಟೆಯುಂ ಸೊಲ್ಲಾದೀಂಗ’ ಎಂದು ನನ್ನ ಕೈ ಹಿಡಿದುಕೊಂಡರು. ಕೆಲಸಗಾರರ ಬೋನಸ್ಸು ಮುಗಿಸಿ ಉಳಿದ ದುಡ್ಡಿನಲ್ಲಿ ನನ್ನ ಹಳೇ ಬಾಕಿಯನ್ನೂ ತೀರಿಸಿದರು.

ತಿರುಪ್ಪೂರಿನ ವ್ಯಾಪಾರ ನಡೆಯುವುದು ಸಾಲದ ಮೇಲೆ, ಸಾಲ ನಡೆಯುವುದು ನಂಬಿಕೆಯ ಮೇಲೆ. ಕಂಪನಿ ಮುಂದೆ ನಿಂತ ಕಾರು ಆ ನಂಬಿಕೆಯ ಬೋರ್ಡು ಇದ್ದಂತೆ. ‘ಇಂಥವರು ಕಾರು ಮಾರಿದರಂತೆ’ ಎಂಬ ಸುದ್ದಿ ಹಬ್ಬಿದರೆ ಮರುದಿನವೇ ನೂಲಿನವರು, ಬಣ್ಣ ಹಾಕುವವರು, ಪ್ರಿಂಟಿಂಗಿನವರು ಬಿಲ್ಲು ಹಿಡಿದು ಬಾಗಿಲಲ್ಲಿ. ಚೇತರಿಸಿಕೊಳ್ಳಬೇಕಾದವನು ಅಲ್ಲೇ ಕುಸಿದುಬಿಡುತ್ತಾನೆ.

ಈಗ ನನ್ನ ಪಾಡು ನೋಡಿ. ಈ ಕಡೆ ಅಕ್ಕನ ಮನೆಯ ದುಡ್ಡು. ಶೋರೂಮಿನವರು ಕೊಂಡ ಬೆಲೆ ಇಷ್ಟು ಎಂದು ಭಾವನ ಕಿವಿಯಲ್ಲಿ ಒಂದು ಮಾತು ಊದಿದರೆ ಅವರು ಅಲ್ಲಿಂದಲೇ ಹಿಡಿದು ಜಗ್ಗುತ್ತಾರೆ. ಆ ಕಡೆ ನಂಬಿ ಹೇಳಿದವನ ಮಾನ. ಅಷ್ಟೇ ಅಲ್ಲ, ಆ ಕಾರಿನ ದುಡ್ಡಿನಲ್ಲಿ ನನ್ನ ಪಾಲೂ ಇದೆಯಲ್ಲ! ನಾನು ಬಾಯಿ ಮುಚ್ಚಿಕೊಂಡೆ. ಆ ಅಂಕಿಯನ್ನು ಇಲ್ಲಿಯೂ ಬರೆಯುವುದಿಲ್ಲ. ಕಾರಿನ ಬಣ್ಣವನ್ನೂ ಹೇಳುವುದಿಲ್ಲ.

ಚೌಕಾಸಿ

ಭಾವ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಆಮೇಲೆ ಹುಡುಗನ ಹತ್ತಿರ ಹೋಗಿ, ಹೆಗಲ ಟವೆಲ್ಲನ್ನು ಅವನ ಕೈ ಮೇಲೆ ಹೊದಿಸಿ, ಅದರಡಿ ಬೆರಳು ಹಿಡಿದರು! ನಮ್ಮ ದನದ ಜಾತ್ರೆಗಳಲ್ಲಿ, ಇಲ್ಲಿಯ ಕಣ್ಣಪುರಂ ಮಾರಿಯಮ್ಮನ ಜಾತ್ರೆಯಲ್ಲಿ ಕಾಂಗೇಯಂ ಎತ್ತು ಕೊಳ್ಳುವಾಗ ಇದೇ ರೀತಿ. ಒಂದು ಬೆರಳಿಗೆ ಒಂದು ಲೆಕ್ಕ, ಬಾಯಲ್ಲಿ ಮಾತಿಲ್ಲ. ಟೈ ಕಟ್ಟಿದ ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ‘ಮೂರು ಬೆರಳು, ಎರಡು ಬೆರಳು. ಮೂವತ್ತೆರಡು ಅಂತಿದಾರೆ’ ಎಂದು ವಿವರಿಸಿದೆ. ಅವನು ನಕ್ಕುಬಿಟ್ಟ. ‘ಎಂಗ ತಾತ್ತಾ ಪಣ್ಣುವಾರುಂಗ’, ನಮ್ಮ ತಾತ ಮಾಡುತ್ತಿದ್ದರು ಅಂದ. ಅಲ್ಲಿಗೆ ‘ಫಿಕ್ಸೆಡ್ ಪ್ರೈಸ್’ ಬೋರ್ಡು ಅರ್ಧ ಬಿದ್ದಂತಾಯಿತು.

ನಾನು ನನ್ನ ಮೊದಲ ಬಾಣ ಬಿಟ್ಟೆ. ‘2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿನ ಜಿಎಸ್‌ಟಿ ಶೇ. 40 ಆಯಿತು. ಹಿಂದೆ ಸೆಸ್ಸು ಸೇರಿ 45ರಿಂದ 50ರವರೆಗೆ ಇತ್ತು. ಹೊಸ ಕಾರೇ ಲಕ್ಷಗಟ್ಟಲೆ ಇಳಿದಿರುವಾಗ ಹಳೆಯದಕ್ಕೆ ಈ ಬೆಲೆಯೇ?’ ಮಾತು ನ್ಯಾಯವಾದದ್ದೇ. ಆದರೆ ಹುಡುಗ ತಣ್ಣಗೆ ಹೇಳಿದ: ‘ಅಣ್ಣಾ, ನಾವು ಈ ಕಾರು ಕೊಂಡದ್ದೇ ತೆರಿಗೆ ಇಳಿದ ಮೇಲೆ. ಅದನ್ನು ಕಳೆದೇ ಬೆಲೆ ಹಾಕಿದ್ದೇವೆ.’ ಅದು ನಿಜ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಣ ವಾಪಸು ಬಂತು.

ಭಾವನಿಗೆ ಇನ್ನೊಂದು ಅನುಮಾನ: ‘ನಲವತ್ತ್ ಲಕ್ಷಕ್ಕೆ ಹದಿನೆಂಟ್ ಪರ್ಸೆಂಟ್ ಜಿಎಸ್‌ಟಿನೂ ನಮ್ ತಲೆ ಮೇಲಾ?’ ಹಾಗಲ್ಲ. ಹಳೇ ಕಾರಿನ ವ್ಯಾಪಾರಿಗೆ ತೆರಿಗೆ ಬೀಳುವುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ. ಮೂವತ್ತಕ್ಕೆ ಕೊಂಡು ಮೂವತ್ತೈದಕ್ಕೆ ಮಾರಿದರೆ ಆ ಐದು ಲಕ್ಷದ ಮೇಲೆ. 2025ರ ಜನವರಿಯಿಂದ ಇದು ಎಲ್ಲ ಹಳೇ ಕಾರಿಗೂ ಶೇ. 18. ಇಬ್ಬರು ಖಾಸಗಿ ವ್ಯಕ್ತಿಗಳ ನಡುವೆ ವ್ಯಾಪಾರವಾದರೆ ಈ ತೆರಿಗೆಯೇ ಇಲ್ಲ. ಆದರೆ ಬೆಲೆ ಹತ್ತು ಲಕ್ಷ ದಾಟಿದ ಕಾರಿಗೆ ಶೋರೂಮಿನವರು ಶೇ. 1 ಟಿಸಿಎಸ್ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ಪಾನ್ ನಂಬರ್ ಕೊಟ್ಟರೆ ನಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಹಾಗಾದರೆ ಬೆಲೆ ಇಳಿಸುವುದು ಯಾವುದು? ಕಾರೇ ಹೇಳಬೇಕು. ಎತ್ತಿನ ಹಲ್ಲು ನೋಡಿದಂತೆ ನಾನು ಟೈರು ನೋಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಇಲ್ಲಿ ಇದ್ದದ್ದು ‘2319’. ಅಂದರೆ 2019ರ ಇಪ್ಪತ್ಮೂರನೇ ವಾರ. ಕಾರಿನ ಜೊತೆ ಹುಟ್ಟಿದ ಟೈರುಗಳು! ಅರವತ್ತು ಸಾವಿರ ಓಡಿವೆ, ಬದಲಿಸಲೇಬೇಕು. ಈ ಅಳತೆಯ ನಾಲ್ಕು ಟೈರಿಗೆ ಲಕ್ಷದ ಹತ್ತಿರ. ಮುಂದಿನ ಬ್ರೇಕ್ ಪ್ಯಾಡು ಸವೆದಿತ್ತು. ಸರ್ವಿಸ್ ದಿನ ಹತ್ತಿರವಿತ್ತು. ಕೀಲಿ ಒಂದೇ ಕೊಟ್ಟರು. ಎರಡನೆಯದು ಕೇಳಿದೆ.

ಕಂಪನಿಯ ವರ್ಕ್‌ಶಾಪಿನ ಸರ್ವಿಸ್ ದಾಖಲೆ ತರಿಸಿದೆವು. ಚಾಸಿ ನಂಬರ್ ಹಾಕಿದರೆ ಯಾವ ತಾರೀಕು ಎಷ್ಟು ಕಿಲೋಮೀಟರಿಗೆ ಏನು ಕೆಲಸ ಆಯಿತು ಎಂದು ಬರುತ್ತದೆ. ಮೀಟರು ಹಿಂದಕ್ಕೆ ತಿರುಗಿಸಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸಾಲ, ಚಲನ್ ಬಾಕಿ, ವಿಮೆಯನ್ನು ಪರಿವಾಹನ್ ಆ್ಯಪಿನಲ್ಲಿ ನೋಡಿದೆವು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಂದು ಸ್ಟಾರ್ಟ್ ಮಾಡಿಸಿದೆವು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕೆಮ್ಮನ್ನು ಮುಚ್ಚಿಡುತ್ತದೆ. ದಿನಾ ತಿರುಪ್ಪೂರು–ಕೊಯಮತ್ತೂರು ಹೆದ್ದಾರಿಯಲ್ಲಿ ಓಡಿದ ಡೀಸೆಲ್ ಕಾರು, ಎಂಜಿನ್ ನುಣ್ಣಗಿತ್ತು. ಊರೊಳಗೇ ಸಣ್ಣ ಸಣ್ಣ ದೂರ ಓಡಿದ ಡೀಸೆಲ್ ಕಾರಿನ ಹೊಗೆ ಶೋಧಕ ಕಟ್ಟಿಕೊಳ್ಳುತ್ತದೆ. ಅದು ದೊಡ್ಡ ಖರ್ಚು.

ಕೊನೆಗೆ ಕ್ಯಾಲೆಂಡರ್ ನಮ್ಮ ಕಡೆ ಬಂತು. ಆಗ ನವೆಂಬರ್. ಜನವರಿ ಒಂದಕ್ಕೆ ಪ್ರತಿ ಹಳೇ ಕಾರಿಗೂ ಒಂದು ವರ್ಷ ವಯಸ್ಸು ಹೆಚ್ಚುತ್ತದೆ, ಬೆಲೆ ಜಾರುತ್ತದೆ. ನಿಂತ ಕಾರಿನ ಮೇಲೆ ಬಡ್ಡಿಯೂ ಓಡುತ್ತದೆ. ಮಾರುವವನಿಗೂ ಅವಸರ. ನಾನು ಇದನ್ನು ಮೆಲ್ಲಗೆ ಹೇಳಿದೆ. ಭಾವ ಏನೂ ಹೇಳದೆ ಎದ್ದು ನಿಂತು ಟವೆಲ್ ಕೊಡವಿದರು. ಹುಡುಗ ಒಳಗೆ ಹೋದ, ಮ್ಯಾನೇಜರ್ ಬಂದರು. ಇನ್ನೊಂದು ಕಾಫಿ ಬಂತು.

ಮುಗಿದದ್ದು ಹೀಗೆ: ಮೂವತ್ತೆಂಟು ಲಕ್ಷ ಎಪ್ಪತ್ತೈದು ಸಾವಿರ. ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಸರ್ವಿಸ್, ಎರಡನೇ ಕೀಲಿ, ಒಂದು ವರ್ಷದ ವಾರಂಟಿ ಅವರದು. ಎನ್‌ಓಸಿ ತೆಗೆಸಿಕೊಡುವುದೂ ಅವರದು. ಎಲ್ಲವನ್ನೂ ಬುಕಿಂಗ್ ಕಾಗದದಲ್ಲಿ ಬರೆಸಿದೆವು. ಬಾಯಿಮಾತಿನ ಟೈರು ಉರುಳುವುದಿಲ್ಲ!

ಭಾವ ಚೀಲ ಬಿಚ್ಚಿದರು. ಕ್ಯಾಶಿಯರ್ ಕೈಮುಗಿದರು. ಆರ್‌ಟಿಜಿಎಸ್ ಮಾಡಿ, ಇಲ್ಲವೇ ಡಿಡಿ ತನ್ನಿ ಎಂದರು. ನೋಟಿನ ಚೀಲ ಬಂದ ದಾರಿಗೇ ವಾಪಸು.

ಗಡಿ ದಾಟುವ ಕಾರಿನ ಲೆಕ್ಕ

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ. ಶೋರೂಮಿನ ಬೆಲೆಯೇ ಕೊನೆಯ ಬೆಲೆ ಎಂದುಕೊಳ್ಳುತ್ತಾರೆ. ತಮಿಳುನಾಡಿನ ಕಾರನ್ನು ಕರ್ನಾಟಕದಲ್ಲಿ ಇಟ್ಟುಕೊಳ್ಳುವವರು ಅಲ್ಲಿ ಮತ್ತೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಆ ತೆರಿಗೆ ಶೇ. 18, ಮೇಲೆ ಸೆಸ್ಸು. ಲೆಕ್ಕ ಹಿಡಿಯುವುದು ನಾವು ಕೊಟ್ಟ ಹಳೇ ಬೆಲೆಗಲ್ಲ, ಕಾರು ಹೊಸದಿದ್ದಾಗಿನ ಬೆಲೆಗೆ. ವಯಸ್ಸಿಗೆ ತಕ್ಕಂತೆ ಕಡಿತ ಉಂಟು. ಆದರೂ ಬೆಂಜ್ ಕಾರಿಗೆ ಅದು ಲಕ್ಷಗಳಲ್ಲೇ ಬರುತ್ತದೆ. ತಮಿಳುನಾಡಿನಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ವಾಪಸು ಕೇಳಬಹುದು. ಆದರೆ ಅದನ್ನು ಬಂದಾಗ ಬಂತು ಎಂದು ಲೆಕ್ಕದಿಂದ ಹೊರಗಿಡುವುದೇ ಜಾಣತನ. ಅಡ್ವಾನ್ಸ್ ಕೊಡುವ ಮೊದಲೇ ನಮ್ಮ ಆರ್‌ಟಿಓದಲ್ಲಿ ವಿಚಾರಿಸಬೇಕು. ಭಾವ ಅದನ್ನು ಮೊದಲೇ ಕೇಳಿಸಿಕೊಂಡು ಬಂದಿದ್ದರಿಂದ ಬಚಾವಾದೆವು.

‘ಟಿಎನ್ ನಂಬರಲ್ಲೇ ಓಡ್ಸುದ್ರೆ?’ ಎಂದು ಭಾವ ಒಮ್ಮೆ ಕೇಳಿದ್ದರು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಲೇಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲಿದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದ ಸುಮಾರು ಮೂವತ್ತು ದುಬಾರಿ ಕಾರುಗಳನ್ನು ಹಿಡಿದು ನಿಲ್ಲಿಸಿದ್ದು ನೆನಪಿರಬೇಕು. ಮದುವೆ ದಿಬ್ಬಣದ ಮಧ್ಯೆ ಹಾಗಾದರೆ?

ಕಾಗದಗಳು ಹೀಗಿವೆ: ಹಸ್ತಾಂತರಕ್ಕೆ 29 ಮತ್ತು 30ನೇ ನಮೂನೆ, ಎನ್‌ಓಸಿಗೆ 28, ಕರ್ನಾಟಕದ ಹೊಸ ನಂಬರಿಗೆ 27, ಹಳೇ ಮಾಲೀಕನ ಬ್ಯಾಂಕ್ ಸಾಲ ತೀರಿದ್ದಕ್ಕೆ 35. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಹಳೇ ಮಾಲೀಕನ ‘ನೋ ಕ್ಲೇಮ್ ಬೋನಸ್’ ಅವನದೇ. ಕಾರಿನ ಜೊತೆ ಬರುವುದಿಲ್ಲ.

ಬಣ್ಣಾರಿಯಲ್ಲಿ

ಕಾಗದವೆಲ್ಲ ಆಗಿ ಡಿಸೆಂಬರಿನಲ್ಲಿ ಕಾರು ಕೈಗೆ ಬಂತು. ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಮಧ್ಯಾಹ್ನವೇ ಹೊರಟೆವು. ಅನ್ನೂರು, ಸತ್ಯಮಂಗಲ ದಾಟಿ ಬಣ್ಣಾರಿ ಅಮ್ಮನ ಗುಡಿ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು. ಮುಂದೆ ಇಪ್ಪತ್ತೇಳು ತಿರುವು.

ಪೂಜೆ ಮುಗಿದ ಮೇಲೆ ಭಾವ ನನ್ನನ್ನು ಪಕ್ಕಕ್ಕೆ ಕರೆದರು.

‘ಬಾಮೈದ, ಈ ಕಾರ್ ಮಾರ್‌ದೋರು ನಿಂಗ್ ಗೊತ್ತಿರೋರು ತಾನೆ?’

ನಾನು ಮಾತಾಡಲಿಲ್ಲ.

‘ಅವತ್ತೇ ಗೊತ್ತಾಯ್ತು ಕನಪ್ಪ. ಕಾರ್ ಕಂಡೇಟ್ಗೆ ನಿನ್ ಮುಖ ಬಾಡ್ತು. ಆರ್‌ಸಿಲಿ ಕಂಪ್ನಿ ಹೆಸ್ರೂ ನೋಡ್ದೆ. ನಿನ್ ಗೋಡೌನ್ ಪುಸ್ತಕ್ದಲ್ಲಿ ಆ ಹೆಸ್ರು ಕಂಡಿದ್ದೆ.’

‘ಅವರು ಎಷ್ಟಕ್ಕೆ ಕೊಟ್ಟರು ಅಂತ ನನಗೆ ಗೊತ್ತಿತ್ತು ಭಾವ. ಹೇಳಿದ್ದರೆ ನಿಮಗೆ ಇನ್ನೊಂದಿಷ್ಟು ಉಳಿಯುತ್ತಿತ್ತೇನೋ’ ಅಂದೆ. ಗಂಟಲು ಕಟ್ಟಿತ್ತು.

ಭಾವ ಹೆಗಲ ಟವೆಲ್ಲನ್ನು ತೆಗೆದು ಬಾನೆಟ್ಟಿನ ಮೇಲಿನ ಕುಂಕುಮ ಒರೆಸಿದರು. ‘ನಮ್ಮಪ್ಪ ಹೇಳೋರು, ಎತ್ತಿನ ಹಲ್ಲ್ ನೋಡು, ಮಾರೋನ್ ಮನೆ ಕಷ್ಟ ನೋಡ್ಬ್ಯಾಡ ಅಂತ. ಟವೆಲ್ ಯಾಕ್ ಹಾಕ್ತಾರೆ ಅಂದ್ಕಂಡೆ? ಕಷ್ಟಕ್ ಮಾರೋನ ರೇಟು ಊರ್ಗೆಲ್ಲ ಗೊತ್ತಾಗ್ಬಾರ್ದು ಅಂತ. ನೀನ್ ಹೇಳ್ದೆ ಇದ್ದದ್ದೇ ಸರಿ. ಹತ್ತು ಕಾರು.’

ಚಾಮರಾಜನಗರ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕಾರು ಹಟ್ಟಿ ಬೀದಿಗೆ ತಿರುಗಲಿಲ್ಲ. ಮೂಲೆಯ ಕಲ್ಲು ತಳಕ್ಕೆ ತಾಗಿತು. ಬೀದಿ ತುದಿಯಲ್ಲೇ ನಿಲ್ಲಿಸಿ ನಡೆದು ಹೋದೆವು. ‘ಮೊದ್ಲೇ ಕೇಳಿ ಅಂದಿದ್ದೆ ತಾನೆ?’ ಅಂದಳು ಅಕ್ಕ.